ಗುಲಾಮಗಿರಿಗೆ ಕ್ಷಮೆ: ಕೇಳುವವರು ಯಾರು, ಯಾರ ಪರವಾಗಿ?

ಪ್ರಶ್ನೆ: ಸರ್, ನಾನು ಕೆಲಸಕ್ಕೆಂದು ಬಂದು ನೆದರ್‌ಲ್ಯಾಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಪ್ರಧಾನಿ, ಆಮೇಲೆ ರಾಜ, ಇಬ್ಬರೂ ಹಿಂದಿನ ಗುಲಾಮಗಿರಿಗೆ ಕ್ಷಮೆ ಕೇಳಿದರಲ್ಲ, ಆ ಮಾತು ಆಫೀಸಿನಲ್ಲಿ ಈಗಲೂ ಆಗಾಗ ಬರುತ್ತದೆ. ‘ನಮ್ಮ ಮುತ್ತಜ್ಜ ಬೇರೆಯವರ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ. ಗುಲಾಮರನ್ನು ಕಣ್ಣಲ್ಲೂ ಕಂಡವನಲ್ಲ. ನಾನ್ಯಾಕೆ ಕ್ಷಮೆ ಕೇಳಲಿ?’ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತದೆ. ಇದೆಲ್ಲ ವೋಟಿಗೋಸ್ಕರ ಅಲ್ವಾ?

ಉತ್ತರ: ನಿಮ್ಮ ಸಹೋದ್ಯೋಗಿ ಕ್ಷಮೆ ಕೇಳಬೇಕಾಗಿಲ್ಲ. ಕೇಳಿ ಅಂತ ಅವರಿಗೆ ಯಾರೂ ಹೇಳಿಯೂ ಇಲ್ಲ. 2022ರ ಡಿಸೆಂಬರ್ 19ರಂದು ಹೇಗ್‌ನ ರಾಷ್ಟ್ರೀಯ ದಾಖಲೆ ಭವನದಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಕ್ಷಮೆ ಕೇಳಿದ್ದು ಡಚ್ ಸರ್ಕಾರದ ಪರವಾಗಿ, ಡಚ್ ಸರ್ಕಾರವೇ ಹಿಂದೆ ಮಾಡಿದ ಕೆಲಸಕ್ಕೆ. ಯಾರದೋ ಮುತ್ತಜ್ಜನ ಲೆಕ್ಕ ಅಲ್ಲಿ ಬರುವುದಿಲ್ಲ.

ಸರ್ಕಾರ ಮಾಡಿದ್ದಾದರೂ ಏನು? ವ್ಯಾಪಾರದ ಕಂಪನಿಗಳಿಗೆ ಸನದು ಕೊಟ್ಟಿತು, ಸೈನ್ಯ ಕೊಟ್ಟಿತು, ಮನುಷ್ಯರನ್ನು ಆಸ್ತಿ ಎಂದು ಒಪ್ಪುವ ಕಾನೂನು ನಡೆಸಿತು. ರುಟ್ಟೆ ಅವರೇ ಭಾಷಣದಲ್ಲಿ ಅಂಕಿ ಕೊಟ್ಟರು: ಡಚ್ ವ್ಯಾಪಾರಿಗಳು ಆಫ್ರಿಕಾದಿಂದ ಅಮೆರಿಕ ಖಂಡಕ್ಕೆ ಸಾಗಿಸಿದವರು 6 ಲಕ್ಷಕ್ಕೂ ಜಾಸ್ತಿ. ಏಷ್ಯಾದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೈಕೆಳಗಿನ ಪ್ರದೇಶಗಳಲ್ಲಿ ಮಾರಾಟವಾದವರು 6.6 ಲಕ್ಷದಿಂದ 10 ಲಕ್ಷಕ್ಕೂ ಹೆಚ್ಚು. ಈ ಎರಡನೆಯ ಅಂಕಿಯನ್ನು ನಮ್ಮವರು ಗಮನಿಸುವುದೇ ಕಡಿಮೆ. ಚೆನ್ನೈಗೆ ಹತ್ತಿರದ ಪುಲಿಕಾಟ್‌ನಿಂದ, ಕೇರಳದ ಕೊಚ್ಚಿಯಿಂದ ಹಡಗು ಹತ್ತಿಸಿ ಬಟಾವಿಯಾಕ್ಕೆ ಸಾಗಿಸಿದ ಜನ ಆ ಲೆಕ್ಕದಲ್ಲಿ ಸೇರಿದ್ದಾರೆ. ಬಟಾವಿಯಾ ಅಂದರೆ ಈಗಿನ ಜಕಾರ್ತಾ.

ಇನ್ನೊಂದು ವಿಷಯ ನಿಮ್ಮ ಸಹೋದ್ಯೋಗಿಗೆ ಹೇಳಿ. 1863ರ ಜುಲೈ 1ರಂದು ದಕ್ಷಿಣ ಅಮೆರಿಕದ ಡಚ್ ವಸಾಹತಾಗಿದ್ದ ಸುರಿನಾಮ್‌ನಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟಿತು. ಕೊಟ್ಟಿದ್ದು ಮಾಲೀಕರಿಗೆ, ತಲೆಗೆ 300 ಗಿಲ್ಡರ್‌ನಂತೆ (ಗಿಲ್ಡರ್ ಅಂದರೆ ಆಗಿನ ಡಚ್ ಹಣ). ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ಅದು ಸಾಲದು ಅಂತ ಇನ್ನೂ 10 ವರ್ಷ ಅವರು ಸರ್ಕಾರದ ಉಸ್ತುವಾರಿಯಲ್ಲಿ ತೋಟಗಳಲ್ಲೇ ದುಡಿಯಬೇಕಿತ್ತು. ಆ ಕಟ್ಟಳೆ ಮುಗಿದದ್ದು 1873ರಲ್ಲಿ. ಅದೇ ವರ್ಷ ಜೂನ್‌ನಲ್ಲಿ ‘ಲಲ್ಲಾ ರೂಖ್’ ಎಂಬ ಹಡಗು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ತುಂಬಿಕೊಂಡು ಸುರಿನಾಮ್ ಮುಟ್ಟಿತು. ತೋಟದವರಿಗೆ ಒಂದು ದಿನವೂ ಆಳಿನ ಕೊರತೆ ಆಗದಂತೆ ಲೆಕ್ಕ ಹಾಕಿದ ಹಾಗಿದೆ ನೋಡಿ. ಇವತ್ತು ನೀವು ಅಲ್ಲಿ ಭೇಟಿಯಾಗುವ ಸುರಿನಾಮ್ ಮೂಲದ ‘ಹಿಂದೂಸ್ತಾನಿ’ಗಳು ಆ ಕೂಲಿಗಳ ಮೊಮ್ಮಕ್ಕಳ ಮಕ್ಕಳು.

ಸತ್ತವರ ಕೆಲಸಕ್ಕೆ ಬದುಕಿರುವವರು ಯಾಕೆ ಹೊಣೆ ಅನ್ನುವ ಪ್ರಶ್ನೆಗೆ ನಾನು ಕೊಡುವ ಉದಾಹರಣೆ ಬ್ರಿಟನ್ನಿನದು. 1833ರ ಕಾಯ್ದೆಯಡಿ ಅಲ್ಲಿಯೂ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಹೋಯಿತು. ಅದು ಆಗಿನ ಸರ್ಕಾರದ ವರ್ಷದ ಖರ್ಚಿನ ಸುಮಾರು ಶೇ 40. ಅಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ, ಸಾಲ ಎತ್ತಿದರು. ಆ ಸಾಲ ಪೂರ್ತಿ ತೀರಿದ್ದು ಯಾವಾಗ ಗೊತ್ತೇ? 2015ರಲ್ಲಿ. ಇದನ್ನು 2018ರಲ್ಲಿ ಬ್ರಿಟನ್ನಿನ ಖಜಾನೆ ಇಲಾಖೆಯೇ ಟ್ವಿಟರ್‌ನಲ್ಲಿ ಹೆಮ್ಮೆಯಿಂದ ಹೇಳಿಕೊಂಡು, ಬೈಸಿಕೊಂಡಿತು. ಅಂದರೆ ಮೊನ್ನೆ ಮೊನ್ನೆಯವರೆಗೆ ಲಂಡನ್‌ನಲ್ಲಿ ತೆರಿಗೆ ಕಟ್ಟಿದವರು, ಅವರಲ್ಲಿ ಗುಲಾಮರ ವಂಶದವರೂ ಇದ್ದಾರೆ, ಮಾಲೀಕರಿಗೆ ಕೊಟ್ಟ ದುಡ್ಡಿನ ಸಾಲ ತೀರಿಸುತ್ತಿದ್ದರು. 180 ವರ್ಷ ಹಳೆಯ ಸಾಲ ‘ನಮ್ಮದು’ ಎಂದು ಒಪ್ಪಿ ಕಟ್ಟಿದ ಸರ್ಕಾರ, ಅದೇ ಕಾಲದ ತಪ್ಪು ‘ನಮ್ಮದಲ್ಲ’ ಅನ್ನುವುದು ಹೇಗೆ? ಅಪ್ಪನ ಜಮೀನು ಬೇಕು, ಜಮೀನಿನ ಮೇಲಿನ ಸಾಲ ಬೇಡ ಅಂದರೆ ನಮ್ಮೂರ ಸೊಸೈಟಿಯಲ್ಲೂ ಒಪ್ಪುವುದಿಲ್ಲ.

ವೋಟಿನ ವಿಷಯ. ರಾಜಕಾರಣಿಗಳು ಸುಮ್ನೆ ಏನನ್ನೂ ಮಾಡುವುದಿಲ್ಲ, ಅದು ಸರಿ. ಆದರೆ ಇಲ್ಲಿ ಲೆಕ್ಕ ಉಲ್ಟಾ ಇತ್ತು. ಆ ಹೊತ್ತಿನ ಸಮೀಕ್ಷೆಗಳಲ್ಲಿ ಕ್ಷಮೆ ಬೇಡ ಎಂದ ಡಚ್ಚರೇ ಜಾಸ್ತಿ. ಸ್ವತಃ ರುಟ್ಟೆ 2020ರಲ್ಲಿ, ಕ್ಷಮೆ ಕೇಳಿದರೆ ಸಮಾಜ ಒಡೆಯುತ್ತದೆ ಎಂದು ಹಿಂಜರಿದಿದ್ದರು. ಸರ್ಕಾರ ನೇಮಿಸಿದ್ದ ಸಮಿತಿ 2021ರಲ್ಲಿ ಕ್ಷಮೆ ಕೇಳಿ ಎಂದು ಶಿಫಾರಸು ಮಾಡಿತು. ಆಮ್ಸ್ಟರ್‌ಡ್ಯಾಮ್ ಮೇಯರ್, ಆಮೇಲೆ ಬೇರೆ ನಗರಗಳು, ಡಚ್ ಕೇಂದ್ರ ಬ್ಯಾಂಕ್ ಕೂಡ ಅವರಿಗಿಂತ ಮೊದಲೇ ಕ್ಷಮೆ ಕೇಳಿ ಮುಗಿಸಿದ್ದರು. ಎಲ್ಲರೂ ಮುಂದೆ ಹೋದಮೇಲೆ ಪ್ರಧಾನಿ ಹಿಂದಿನಿಂದ ಬಂದರು ಎಂದರೆ ಹೆಚ್ಚು ನಿಜ.

ಹಾಗಂತ ಅದು ಚೊಕ್ಕವಾಗಿ ಆಯಿತು ಅನ್ನಲಾರೆ. ದಿನಾಂಕವನ್ನೇ ಹಠದಿಂದ ಆರಿಸಿದರು. ಸುರಿನಾಮ್ ಮೂಲದ ಸಂಘಟನೆಗಳು 2023ರ ಜುಲೈ 1 ಬೇಕು ಎಂದು ಕೇಳಿದ್ದವು. 1873ರಿಂದ ಎಣಿಸಿದರೆ ಅಂದಿಗೆ ಸರಿಯಾಗಿ 150 ವರ್ಷ. ಸರ್ಕಾರ ಕೇಳದೇ ಇದ್ದಾಗ ಕೆಲವರು ಕೋರ್ಟಿಗೂ ಹೋದರು, ಅಲ್ಲೂ ಸೋತರು. ಕ್ಷಮೆ ಕೇಳುವವನು ತನ್ನ ಅನುಕೂಲದ ದಿನ ನೋಡಿಕೊಂಡರೆ, ಎದುರಿಗೆ ಕೂತವರಿಗೆ ಹೇಗಾಗಬೇಡ? ಆ ಜುಲೈ 1ಕ್ಕೆ ಆಮ್ಸ್ಟರ್‌ಡ್ಯಾಮ್‌ನ ಓಸ್ಟರ್‌ಪಾರ್ಕ್‌ನಲ್ಲಿ ರಾಜ ವಿಲ್ಲೆಮ್ ಅಲೆಕ್ಸಾಂಡರ್ ಮಾತಾಡಿದರು. ತಮ್ಮ ಪೂರ್ವಜರು ಇದನ್ನು ತಡೆಯಲಿಲ್ಲ ಎಂದು ಹೇಳಿ ಕ್ಷಮಾಪಣೆ ಬೇಡಿದರು. ಅದಕ್ಕೆ ಸ್ವಲ್ಪ ಮೊದಲು ಬಂದ ಅಧ್ಯಯನವೊಂದು, 1675ರಿಂದ 1770ರ ನಡುವೆ ಆ ರಾಜಮನೆತನ ವಸಾಹತುಗಳಿಂದ ಗಳಿಸಿದ್ದು ಇವತ್ತಿನ ಲೆಕ್ಕದಲ್ಲಿ 54.5 ಕೋಟಿ ಯೂರೋ ಎಂದು ಹೇಳಿತ್ತು. ನನ್ನ ಮಟ್ಟಿಗೆ ರಾಜನ ಮಾತಿಗೇ ತೂಕ ಜಾಸ್ತಿ. ಯಾಕೆಂದರೆ ಅವರ ಮನೆತನಕ್ಕೆ ಲಾಭ ಬಂದ ದಾಖಲೆ ಇದೆ, ಆಲೂಗಡ್ಡೆ ಅಗೆದವರ ಮನೆಗೆ ಇಲ್ಲ.

ಪ್ರಶ್ನೆ: ಬ್ರಿಟನ್, ಅಮೆರಿಕದ ನಾಯಕರು ಬರೀ ‘ದುಃಖವಾಗಿದೆ’, ‘ವಿಷಾದವಿದೆ’ ಅನ್ನುತ್ತಾರೆ. ನೇರವಾಗಿ ಕ್ಷಮೆ ಕೇಳಲು ಏನು ಕಷ್ಟ? ದುಡ್ಡು ಕೊಡಬೇಕಾದೀತು ಎಂಬ ಭಯವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಭಯವೇ. ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅಮೆರಿಕದ ಸೆನೆಟ್ 2009ರ ಜೂನ್‌ನಲ್ಲಿ ಗುಲಾಮಗಿರಿಗೆ ಕ್ಷಮೆ ಕೇಳುವ ನಿರ್ಣಯ ಮಾಡಿತು. ಓದುತ್ತಾ ಹೋದರೆ ಮಾತೆಲ್ಲ ಗಟ್ಟಿಯಾಗಿವೆ. ಕೊನೆಗೆ ಬಂದಾಗ ಒಂದು ಷರತ್ತು: ಅಮೆರಿಕ ಸರ್ಕಾರದ ವಿರುದ್ಧದ ಯಾವ ಹಕ್ಕುಕೋರಿಕೆಗೂ ಈ ನಿರ್ಣಯ ಆಧಾರವಲ್ಲ. ಕೈ ಮುಗಿದು, ಆಮೇಲೆ ವಕೀಲರ ನೋಟಿಸ್ ಕೊಟ್ಟ ಹಾಗೆ. ಕೆಳಮನೆ 2008ರಲ್ಲಿ ಬೇರೆಯದೇ ನಿರ್ಣಯ ಮಾಡಿತ್ತು. ಎರಡೂ ಮನೆ ಸೇರಿ ಒಂದೇ ಪಠ್ಯ ಒಪ್ಪಲೇ ಇಲ್ಲ.

ಬ್ರಿಟನ್ನಿನಲ್ಲಿ ಟೋನಿ ಬ್ಲೇರ್ 2006ರಲ್ಲಿ ‘ಆಳವಾದ ದುಃಖ’ ಎಂದರು. ಟೀಕೆ ಬಂತು. 2007ರ ಮಾರ್ಚ್‌ನಲ್ಲಿ ಘಾನಾ ಅಧ್ಯಕ್ಷರ ಪಕ್ಕದಲ್ಲಿ ನಿಂತು, ಪತ್ರಕರ್ತರು ಕೇಳಿದಮೇಲೆ, ಕ್ಷಮೆಯ ಮಾತು ಆಡಿದರು. ಆದರೆ ಅದು ಪ್ರಶ್ನೆಗೆ ಕೊಟ್ಟ ಉತ್ತರ. ಸಂಸತ್ತಿನಲ್ಲಿ ನಿಂತು ರಾಷ್ಟ್ರದ ಪರವಾಗಿ ಕೇಳಿದ ಕ್ಷಮೆ ಅಲ್ಲ. ಡೇವಿಡ್ ಕ್ಯಾಮರೂನ್ 2015ರಲ್ಲಿ ಜಮೈಕಾಗೆ ಹೋಗಿ, ಇದನ್ನು ದಾಟಿ ಮುಂದೆ ಹೋಗೋಣ ಎಂದರು. 2024ರ ಅಕ್ಟೋಬರ್‌ನಲ್ಲಿ ಸಮೋವಾದ ಕಾಮನ್‌ವೆಲ್ತ್ ಸಭೆಗೆ ಹೋದ ಕೀರ್ ಸ್ಟಾರ್ಮರ್ ಕೂಡ ಕ್ಷಮೆ ಕೇಳಲಿಲ್ಲ.

ಕೆರಿಬಿಯನ್ ದೇಶಗಳ ಒಕ್ಕೂಟ ಕ್ಯಾರಿಕಾಮ್ 10 ಅಂಶಗಳ ಬೇಡಿಕೆ ಪಟ್ಟಿ ಇಟ್ಟಿದೆ. ಅದರಲ್ಲಿ ಮೊದಲನೆಯದೇ ಪೂರ್ಣ, ಅಧಿಕೃತ ಕ್ಷಮೆ. ಅದು ಆದಮೇಲೆ ಉಳಿದ ಒಂಬತ್ತು ಬರುತ್ತವೆ ಎಂಬುದು ಲಂಡನ್‌ಗೆ ಚೆನ್ನಾಗಿ ಗೊತ್ತು.

ಈ ಭಯ ಅತಿಯಾಯಿತು ಎಂದೇ ನನಗೆ ಅನ್ನಿಸುತ್ತದೆ. ಡಚ್ಚರು ಕ್ಷಮೆ ಕೇಳಿದಾಗ ವ್ಯಕ್ತಿಗಳಿಗೆ ಪರಿಹಾರ ಕೊಡಲಿಲ್ಲ. ತಿಳಿವಳಿಕೆ, ಶಿಕ್ಷಣದಂಥ ಕೆಲಸಕ್ಕೆ 20 ಕೋಟಿ ಯೂರೋ ತೆಗೆದಿಟ್ಟರು. ಅದು ಸಾಲದು ಎಂದು ಸುರಿನಾಮ್‌ನವರು ಹೇಳಿದರು, ನ್ಯಾಯವಾಗಿಯೇ. ಆದರೆ ಖಜಾನೆಯಂತೂ ಮುಳುಗಲಿಲ್ಲ.

ಪ್ರಶ್ನೆ: ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರೂ ಆಫ್ರಿಕಾದಿಂದ ಬಂದವರು. ಅವರಿಗೆ ಯಾರಾದರೂ ಕ್ಷಮೆ ಕೇಳಬೇಕಲ್ಲವೇ? (ಶಿರಸಿಯ ಓದುಗರು)

ಉತ್ತರ: ಕೇಳಬೇಕಾದ ದೇಶಗಳಲ್ಲಿ ಪೋರ್ಚುಗಲ್ ಮೊದಲು ಬರುತ್ತದೆ. ಗೋವಾಕ್ಕೆ ಗುಲಾಮರನ್ನು ತಂದವರು ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಆದರೆ ಎಲ್ಲ ಸಿದ್ದಿಗಳ ಕಥೆ ಇದೊಂದೇ ಅಲ್ಲ. ದಖ್ಖನದ ಸುಲ್ತಾನರ ಕಾಲದಲ್ಲಿ ಸೈನಿಕರಾಗಿ ಬಂದವರೂ ಇದ್ದಾರೆ, ಮಲಿಕ್ ಅಂಬರ್‌ನಂತೆ ಗುಲಾಮನಾಗಿ ಬಂದು ರಾಜ್ಯವನ್ನೇ ಆಳಿದವರೂ ಇದ್ದಾರೆ.

ಪೋರ್ಚುಗಲ್ ಅಧ್ಯಕ್ಷರಾಗಿದ್ದ ಮಾರ್ಸೆಲೊ ರೆಬೆಲೊ ಡಿ ಸೌಜಾ 2023ರಲ್ಲಿ, ದೇಶ ಕ್ಷಮೆ ಕೇಳಬೇಕು ಎಂದರು. ಮರುವರ್ಷ, ಪೂರ್ತಿ ಹೊಣೆ ಹೊರಬೇಕು, ಬೆಲೆ ತೆರಬೇಕು ಎಂದರು. ಅಲ್ಲಿನ ಸರ್ಕಾರ ಅದಕ್ಕೆ ಒಪ್ಪಲಿಲ್ಲ.

ಕೆರಿಬಿಯನ್ನರ ಬೆನ್ನಿಗೆ ಅವರವೇ ಸರ್ಕಾರಗಳಿವೆ. ಸಿದ್ದಿಗಳ ಪರವಾಗಿ ಲಿಸ್ಬನ್ ಮುಂದೆ ಕೂರಬೇಕಾದ್ದು ದೆಹಲಿ. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನ ನೆನಪಿಸಿಕೊಳ್ಳಿ. ಗುಲಾಮಗಿರಿ ಮಾನವತೆಯ ವಿರುದ್ಧದ ಅಪರಾಧ ಎಂದು ಜಗತ್ತು ಒಪ್ಪಿದ್ದು ಅಲ್ಲೇ. ಜಾತಿಯ ಪ್ರಶ್ನೆಯನ್ನು ಅಲ್ಲಿ ಎತ್ತಬೇಕೆಂದು ದಲಿತ ಸಂಘಟನೆಗಳು ಹೋದಾಗ, ಅದು ನಮ್ಮ ಮನೆಯೊಳಗಿನ ವಿಷಯ ಎಂದು ಭಾರತ ಸರ್ಕಾರ ಬಾಗಿಲು ಹಾಕಿತು. ಹಳೆಯ ತಪ್ಪಿನ ಕಡತ ಬಿಚ್ಚಿದರೆ ನಮ್ಮದೂ ಬಿಚ್ಚಿಕೊಳ್ಳುತ್ತದೆ ಎಂಬುದು ದೆಹಲಿಗೂ ತಿಳಿದಿದೆ. ಹಾಗಾಗಿ ಆ ಕಡೆಯಿಂದ ಬೇಗ ಏನಾದರೂ ಆದೀತು ಎಂದು ನಾನು ನಿಮಗೆ ಆಸೆ ಹುಟ್ಟಿಸಲಾರೆ.