ಕೆಂಪು ಸಮುದ್ರಕ್ಕೂ ಮಿರ್ಚಿ ಬಾಣಲೆಗೂ ಏನು ನಂಟು?

ಪ್ರಶ್ನೆ: ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿಯಾದರೆ ನಮ್ಮ ಮಂಡಕ್ಕಿ-ಮಿರ್ಚಿ ಅಂಗಡಿಯ ಎಣ್ಣೆ ಡಬ್ಬಿ ಏಕೆ ತುಟ್ಟಿಯಾಗಬೇಕು? ನಾವು ಕರಿಯುವುದು ತಾಳೆ ಎಣ್ಣೆಯಲ್ಲಿ.
– ವ್ಯಾಪಾರಿ, ದಾವಣಗೆರೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ತಾಳೆ ಎಣ್ಣೆ ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅದಕ್ಕೂ ಕೆಂಪು ಸಮುದ್ರಕ್ಕೂ ನೇರ ಸಂಬಂಧವಿಲ್ಲ. ಆ ದಾರಿ ಹಿಡಿಯುವುದು ರಷ್ಯಾ, ಉಕ್ರೇನಿನ ಸೂರ್ಯಕಾಂತಿ ಎಣ್ಣೆ: ಕಪ್ಪು ಸಮುದ್ರ, ಟರ್ಕಿಯ ಬಾಸ್ಫೊರಸ್ ಜಲಸಂಧಿ, ಸೂಯೆಜ್ ಕಾಲುವೆ, ಕೆಂಪು ಸಮುದ್ರ, ಕೊನೆಗೆ ಅದರ ದಕ್ಷಿಣದ ಬಾಯಿಯಾದ ಬಾಬ್ ಎಲ್ ಮಂದೆಬ್ ಜಲಸಂಧಿ. 2023ರ ನವೆಂಬರಿನಲ್ಲಿ ಯೆಮೆನ್‌ನ ಸಶಸ್ತ್ರ ಬಂಡುಕೋರರಾದ ಹೌತಿಗಳ ದಾಳಿ ಶುರುವಾದ ಮೇಲೆ ಅನೇಕ ಹಡಗುಗಳು ಆಫ್ರಿಕಾದ ತುದಿ ಬಳಸಿಕೊಂಡು ಬಂದವು. ಬಾಡಿಗೆ, ಇಂಧನ ಎರಡೂ ಏರಿದವು.

ನೇರ ದಾರಿಗೇ ಬಂದರೆ ಯುದ್ಧ-ಅಪಾಯದ ವಿಮೆ ಕಟ್ಟಬೇಕು. ಲೆಕ್ಕ ನೋಡಿ: 5 ಕೋಟಿ ಡಾಲರ್ ಬೆಲೆಯ ಹಡಗಿಗೆ ಶೇ. 1ರ ದರವೆಂದರೆ ಒಂದು ಸಲಕ್ಕೆ 5 ಲಕ್ಷ ಡಾಲರ್. ಸರಕು 30,000 ಟನ್, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಕಿಲೋಗೆ ಸುಮಾರು 1.40 ರೂಪಾಯಿ; 15 ಕಿಲೋ ಡಬ್ಬಿಗೆ 21.

ಸೂರ್ಯಕಾಂತಿ ತುಟ್ಟಿಯಾದಾಗ ಕೊಳ್ಳುವವರು ತಾಳೆಯತ್ತ ತಿರುಗುತ್ತಾರೆ, ಅದರ ಬೆಲೆಯೂ ಏರುತ್ತದೆ. ನಿಮಗೆ ತಟ್ಟುವ ಬಿಸಿ ಇದೇ.

ಆದರೆ ಎಲ್ಲ ಏರಿಕೆಯನ್ನೂ ಸಮುದ್ರದ ತಲೆಗೆ ಕಟ್ಟಬೇಡಿ (ಸಗಟು ವ್ಯಾಪಾರಿಗಳು ಕಟ್ಟುವುದುಂಟು!). 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಖಾದ್ಯತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು, 2025ರ ಮೇ ಕೊನೆಗೆ ಶೇ. 10ಕ್ಕೆ ಇಳಿಸಿತು. ಇದರ ಮುಂದೆ ವಿಮೆಯ ಹೊರೆ ಸಣ್ಣದು. ಡಬ್ಬಿ ಕೊಳ್ಳುವ ಮುನ್ನ ಸುಂಕ, ಡಾಲರ್ ದರ, ಮಲೇಷ್ಯಾದ ತಾಳೆ ಎಣ್ಣೆ ವಾಯಿದೆ ಬೆಲೆ (ಮುಂದಿನ ತಿಂಗಳುಗಳ ಸರಕಿಗೆ ಇಂದೇ ಕುದುರುವ ದರ) ಮೂರನ್ನೂ ನೋಡಿ.