ಬೆಲ್ಲ ತಿಂದರೆ ಥಿನ್ನರ್ ಇಳಿಯುತ್ತಾ?

ಪ್ರಶ್ನೆ: ಮಂಡ್ಯದ ಹತ್ತಿರ ಮರದ ಪಾಲಿಶ್ ಕೆಲಸ ಮಾಡುತ್ತೇನೆ ಸರ್. ಥಿನ್ನರ್ ಬೆರೆಸಿ ಸ್ಪ್ರೇ ಹೊಡೆದ ದಿನ ಸಂಜೆ ತಲೆ ಸಿಡಿಯುತ್ತದೆ. ಭಾನುವಾರ ಏನೂ ಇರಲ್ಲ. ಮುಖಕ್ಕೆ ಟವೆಲ್ ಕಟ್ಟಿಕೊಳ್ಳುತ್ತೇನೆ. ಒಂದು ಅಚ್ಚು ಬೆಲ್ಲ ತಿಂದರೆ ಎಲ್ಲ ಇಳಿಯುತ್ತೆ ಅಂತಾರೆ ನಮ್ಮ ಮೇಸ್ತ್ರಿ. ನಿಜವಾ?

ಉತ್ತರ: ಮಂಡ್ಯದವರ ಮುಂದೆ ಬೆಲ್ಲದ ವಿರುದ್ಧ ಮಾತಾಡೋಕೆ ಧೈರ್ಯ ಬೇಕು. ಆದರೂ ಹೇಳುತ್ತೇನೆ, ಇಳಿಯಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಆವಿ ಹೋಗುವುದು ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ, ಮೆದುಳಿಗೆ. ಪಾಲಿಶ್ ಥಿನ್ನರ್‌ಗಳಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದು ಟಾಲುಯೀನ್. ಅದನ್ನು ನಿಮ್ಮ ಯಕೃತ್ತೇ ಒಡೆದು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಸ್ವಲ್ಪ ಉಸಿರಲ್ಲೂ ಹೋಗುತ್ತದೆ. ಒಂದು ದಿನ ಸಿಕ್ಕರೆ ಹೆಚ್ಚಿನ ಪಾಲು ಖಾಲಿ. ಭಾನುವಾರ ತಲೆ ಹಗುರಾಗುವುದು ಅದಕ್ಕೇ, ಬೆಲ್ಲಕ್ಕೆ ಸುಮ್ನೆ ಹೆಸರು ಬಂತು.

ಆದರೆ ಇಷ್ಟಕ್ಕೆ ನಿಶ್ಚಿಂತರಾಗಬೇಡಿ. ವರ್ಷಗಟ್ಟಲೆ ಕುಡಿದ ಆವಿ ಮರೆವು ತರಬಹುದು, ಕಿವಿ ಮಂದವಾಗಬಹುದು, ಬಣ್ಣಗಳ ವ್ಯತ್ಯಾಸ ಗುರುತಿಸುವುದೂ ಕಷ್ಟವಾಗಬಹುದು. ಪಾಲಿಶ್‌ನವರಿಗೆ ಬಣ್ಣವೇ ತಿಳಿಯದಿದ್ದರೆ ಹೇಗೆ ಹೇಳಿ! ಅಂಗಡಿಯಲ್ಲಿ ಗರ್ಭಿಣಿಯರು ಇರಲೇಬಾರದು.

ಟವೆಲ್ ತಡೆಯುವುದು ಧೂಳನ್ನು ಮಾತ್ರ. ಎನ್-95 ಕೂಡ ಅಷ್ಟೇ, ಆವಿ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ರಬ್ಬರ್ ಮಾಸ್ಕ್ ತಗೊಳ್ಳಿ, 'ಆರ್ಗ್ಯಾನಿಕ್ ವೇಪರ್' ಮಾಸ್ಕ್ ಅಂತ ಕೇಳಿ. ಕೆಲಸ ಮುಗಿದ ಮೇಲೆ ಅದನ್ನು ಗೋಡೆಗೆ ನೇತುಹಾಕಬೇಡಿ, ಇದ್ದಿಲು ಅಲ್ಲೂ ಆವಿ ಹೀರುತ್ತಲೇ ಇರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ವಾಸನೆ ಬರುತ್ತಿಲ್ಲ ಅಂತ ಧೈರ್ಯವಾಗಿಯೂ ಇರಬೇಡಿ, ಸ್ವಲ್ಪ ಹೊತ್ತಿಗೆ ಮೂಗೇ ಒಗ್ಗಿಹೋಗುತ್ತದೆ.

ಮಾಸ್ಕ್‌ಗಿಂತ ಮುಖ್ಯ ಗಾಳಿ. ಟಾಲುಯೀನ್ ಆವಿ ಗಾಳಿಗಿಂತ 3 ಪಟ್ಟು ಭಾರ. ಹೊಗೆಯ ಹಾಗೆ ಮೇಲೇಳದೆ ನೆಲ ಹಿಡಿದು ಹರಿದು ಮೂಲೆಯಲ್ಲಿ ಕೂರುತ್ತದೆ, ಅದಕ್ಕೇ ಸೂರಿನ ಕೆಳಗಿನ ಕಿಟಕಿಯೊಂದೇ ಸಾಲದು. ಎರಡು ಕಡೆ ಬಾಗಿಲು ತೆಗೆದು ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಲ್ಲಿ, ಸಾಧ್ಯವಾದರೆ ಜಗಲಿಯಲ್ಲೇ ಸ್ಪ್ರೇ ಮಾಡಿ.

ಇನ್ನೊಂದು, ನೀವು ಕೇಳದೆ ಇದ್ದದ್ದು. ಟಾಲುಯೀನ್ ಕುದಿಯುವುದು 111 ಡಿಗ್ರಿಗೆ, ಆದರೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ 4 ಡಿಗ್ರಿ ಸೆಲ್ಸಿಯಸ್‌ಗೇ ಏಳುತ್ತದೆ. ಮಂಡ್ಯದಲ್ಲಿ ಧನುರ್ಮಾಸದ ಬೆಳಗಿನ ಜಾವವೂ ಅಷ್ಟು ತಣ್ಣಗಿರಲ್ಲ, ಅಲ್ವಾ? ಅಂದರೆ ನಿಮ್ಮ ಅಂಗಡಿಯಲ್ಲಿ ಅದು ಸದಾ ಸಿದ್ಧ. ದೇವರ ಪಟದ ಮುಂದೆ ದೀಪ ಹಚ್ಚಿ ಊದುಬತ್ತಿಗೆ ಕಡ್ಡಿ ಗೀರುವ ಕೆಲಸ ಥಿನ್ನರ್ ಡಬ್ಬಿ ತೆರೆಯುವ ಮುಂಚೆಯೇ ಮುಗಿಯಲಿ, ದೀಪವೂ ಆರಿರಲಿ. ಸ್ವಿಚ್ಚಿನ ಕಿಡಿಯೂ ಸಾಕು. ಬೆಂಕಿ ಬಿದ್ದರೆ ನೀರು ಎರಚಬೇಡಿ, ಥಿನ್ನರ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಬಾಗಿಲವರೆಗೂ ಒಯ್ಯುತ್ತದೆ. ಒಂದು ಬಕೆಟ್ ಮರಳು, ಒಂದು ಪೌಡರ್ ಸಿಲಿಂಡರ್ ಕೈಗೆ ಸಿಗುವ ಕಡೆ ಇರಲಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಯಜಮಾನರು ಪೇಂಟರ್. ಥಿನ್ನರ್‌ನಲ್ಲೇ ಕೈ ತೊಳೆಯುತ್ತಾರೆ. ಉಳಿದದ್ದನ್ನು ನೀರಿನ ಬಾಟಲಿಗೆ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಡುತ್ತಾರೆ. ಮನೆಯಲ್ಲಿ ಮಗು ಇದೆ.

ಉತ್ತರ: ಮೊದಲು ಆ ಬಾಟಲಿ ಎತ್ತಿಡಿ ಅಮ್ಮ, ಉತ್ತರ ಆಮೇಲೆ ಓದಿ. ನೋಡೋಕೆ ನೀರೇ. ಮಗು ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ, ವಾಂತಿಯಾಗುವಾಗ ಒಂದೆರಡು ಹನಿ ಶ್ವಾಸಕೋಶಕ್ಕೆ ಇಳಿದರೆ ಅದೇ ದೊಡ್ಡ ಅಪಾಯ. ಬಾಟಲಿ ಸಮೇತ ನೇರ ಕೆ.ಆರ್. ಆಸ್ಪತ್ರೆಗೆ ಓಡಿ.

ಕೈ ವಿಷಯಕ್ಕೆ ಬಂದರೆ, ಥಿನ್ನರ್ ಬಿದ್ದ ಜಾಗ ತಣ್ಣಗಾಗುತ್ತೆ, ನಿಮಿಷದಲ್ಲಿ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತೆ. ಅದು ಚರ್ಮದ ಜಿಡ್ಡನ್ನೇ ತೆಗೆದುಬಿಟ್ಟಿರುತ್ತದೆ. ದಿನಾ ಹೀಗಾದರೆ ಬಿರುಕು, ತುರಿಕೆ. ಪೇಂಟ್ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆಯಲಿ. ಬ್ರಷ್ ತೊಳೆದ ಥಿನ್ನರನ್ನು ಚರಂಡಿಗೆ ಚೆಲ್ಲಬೇಡಿ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿ ಮನೆಯಾಚೆ ನೆರಳಲ್ಲಿ ನಾಲ್ಕು ದಿನ ಅಲುಗಾಡಿಸದೆ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮತ್ತೆ ಬ್ರಷ್ ತೊಳೆಯೋಕೆ ಬರುತ್ತದೆ, ಯಜಮಾನರಿಗೆ ಅಷ್ಟು ದುಡ್ಡೂ ಉಳಿಯುತ್ತದೆ.