162ರ ಸೂತ್ರ ಅಲ್ಯೂಮಿನಿಯಮ್‌ಗೆ ಏಕೆ ಹೊಂದುವುದಿಲ್ಲ?

ಪ್ರಶ್ನೆ: ದುಂಡು ಸರಳಿನ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ ಎಂದು ಕಲಿತಿದ್ದೇನೆ. 50 ಮಿ.ಮೀ. ವ್ಯಾಸದ, 3 ಮೀಟರ್ ಉದ್ದದ ಅಲ್ಯೂಮಿನಿಯಮ್ ಸರಳಿಗೆ ಹೀಗೆ ಲೆಕ್ಕ ಹಾಕಿದಾಗ 46 ಕಿಲೊ ಬಂತು; ತಕ್ಕಡಿಯಲ್ಲಿ ಅದು ಸುಮಾರು 16 ಕಿಲೊ ತೂಗಿತು. ತಪ್ಪೆಲ್ಲಿದೆ? ಪೈಪಿಗೆ ಹೇಗೆ ಲೆಕ್ಕ ಹಾಕಬೇಕು?

ಉತ್ತರ: ನಿಮ್ಮ ಗುಣಾಕಾರ, ಭಾಗಾಕಾರಗಳಲ್ಲಿ ತಪ್ಪಿಲ್ಲ. 162 ಎಂಬ ಸಂಖ್ಯೆಯೊಳಗೆ ವೃತ್ತದ ವಿಸ್ತೀರ್ಣದ ಗುಣಕದ ಜೊತೆಗೆ ಉಕ್ಕಿನ ಸಾಂದ್ರತೆಯೂ, ಅಂದರೆ ಘನ ಸೆಂಟಿಮೀಟರಿಗೆ 7.85 ಗ್ರಾಂ ಎಂಬುದೂ, ಸೇರಿಹೋಗಿದೆ. ಹಾಗಾಗಿ ಆ ಸೂತ್ರ ಉಕ್ಕಿಗೆ ಮಾತ್ರ ಸಲ್ಲುತ್ತದೆ. ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಅದರ ಮೂಲವನ್ನು ಹೇಳಿಕೊಡದಿರುವುದರಿಂದಲೇ ಇಂತಹ ತಪ್ಪುಗಳಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಯಾವ ಲೋಹಕ್ಕೂ, ಯಾವ ಆಕಾರಕ್ಕೂ ಹೊಂದುವ ದಾರಿ ಇದಕ್ಕಿಂತ ಕಷ್ಟವೇನಲ್ಲ. ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಮಿಲಿಮೀಟರಿನಲ್ಲಿಯೂ ಉದ್ದವನ್ನು ಮೀಟರಿನಲ್ಲಿಯೂ ಇಟ್ಟುಕೊಂಡು ಗುಣಿಸಿದರೆ, ಬರುವ ಉತ್ತರ ನೇರವಾಗಿ ಘನ ಸೆಂಟಿಮೀಟರಿನಲ್ಲಿರುತ್ತದೆ; ಏಕೆಂದರೆ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಒಂದು ಮೀಟರ್ ತಂತಿಯ ಗಾತ್ರ ಸರಿಯಾಗಿ ಒಂದು ಘನ ಸೆಂಟಿಮೀಟರ್. ಅದನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ ಗ್ರಾಂಗಳಲ್ಲಿ ದೊರೆಯುತ್ತದೆ. ನಿಮ್ಮ ಸರಳಿನ ವಿಸ್ತೀರ್ಣ 1963.5 ಚ.ಮಿ.ಮೀ.; 3 ಮೀಟರಿಗೆ 5890 ಘನ ಸೆಂ.ಮೀ.; ಅಲ್ಯೂಮಿನಿಯಮ್‌ನ 2.7ರಿಂದ ಗುಣಿಸಿದಾಗ 15.9 ಕಿಲೊ. ತಕ್ಕಡಿ ಹೇಳಿದ್ದೂ ಇದನ್ನೇ. ತಾಮ್ರಕ್ಕೆ 8.96, ಹಿತ್ತಾಳೆಗೆ ಸುಮಾರು 8.5, ಎರಕದ ಕಬ್ಬಿಣಕ್ಕೆ ಸುಮಾರು 7.2 ಎಂದು ಹಿಡಿಯಬಹುದು. ಮಿಶ್ರಲೋಹಗಳಲ್ಲಿ ಈ ಅಂಕಿಗಳು ತುಸು ಹೆಚ್ಚುಕಡಿಮೆಯಾಗುತ್ತವೆ.

ಪೈಪಿನಲ್ಲಿ ಹೊರವ್ಯಾಸದಿಂದ ಗೋಡೆಯ ದಪ್ಪವನ್ನು ಒಮ್ಮೆ ಕಳೆದು, ಉಳಿದದ್ದನ್ನು ಅದೇ ದಪ್ಪದಿಂದಲೂ 3.1416ರಿಂದಲೂ ಗುಣಿಸಿದರೆ ವಿಸ್ತೀರ್ಣ ಬರುತ್ತದೆ. 48.3 ಮಿ.ಮೀ. ಹೊರವ್ಯಾಸ, 3.2 ಮಿ.ಮೀ. ದಪ್ಪದ ಉಕ್ಕಿನ ಪೈಪು ಹೀಗೆ ಮೀಟರಿಗೆ 3.56 ಕಿಲೊ ಆಗುತ್ತದೆ. ದಪ್ಪವನ್ನು ಕಳೆಯಲು ಮರೆತರೆ 3.81 ಬಂದು, ಶೇ 7ರಷ್ಟು ಹೆಚ್ಚು ತೋರಿಸುತ್ತದೆ.

ಇನ್ನು ಅಳತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸರಳಿನ ತೂಕ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ವ್ಯಾಸದಲ್ಲಿ ಶೇ 1ರಷ್ಟು ತಪ್ಪಿದರೆ ತೂಕದಲ್ಲಿ ಶೇ 2ರಷ್ಟು ತಪ್ಪುತ್ತದೆ. 6 ಮಿ.ಮೀ. ಎಂದು ಕರೆಯುವ ಉಕ್ಕಿನ ಪ್ಲೇಟು ವರ್ನಿಯರ್‌ನಲ್ಲಿ 5.8 ತೋರಿಸಿದರೆ, ಚದರ ಮೀಟರಿನ ತೂಕ 47.1ರಿಂದ 45.5 ಕಿಲೊಗೆ ಇಳಿಯುತ್ತದೆ. ಆದ್ದರಿಂದ ಬಣ್ಣ, ತುಕ್ಕು ಕೆರೆದು, ಎರಡು ಮೂರು ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ. ಕ್ರೇನಿನಿಂದ ಎತ್ತುವ ಸಾಮಗ್ರಿಗಾದರೆ ಹೆಸರಿಗಿರುವ ದಪ್ಪವನ್ನೂ ಅಳೆದ ದಪ್ಪವನ್ನೂ ಹೋಲಿಸಿ, ಎರಡರಲ್ಲಿ ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ.